ಪುಡಿಯಪ್ಪ ಎಂಬ ರೋಗಿಯ ರಕ್ತಪರೀಕ್ಷೆ

ಈಗ ಲ್ಯಾಬ್ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು, ಉಮೇಶಣ್ಣ, ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ಎಂದು ಕೇಳುತ್ತಾರೆ. ಕೇಳುವಾಗಲೂ ಅವರ ಕಣ್ಣು ಮೊಬೈಲಿನಲ್ಲೇ ಇರುತ್ತದೆ. ಆದ್ದರಿಂದ ಬಾಯಲ್ಲಿ ಹೇಳಿ ದಣಿಯುವುದಕ್ಕಿಂತ ಬರೆದೇ ಬಿಡುತ್ತೇನೆ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ, ಈ ಮೂರು ಊರುಗಳಲ್ಲಿ ನಾನು ಚುಚ್ಚಿದ ಕೈಗಳನ್ನು ಸಾಲಾಗಿ ಜೋಡಿಸಿದರೆ ಪಾಣೆಮಂಗಳೂರಿನ ಸೇತುವೆಯಿಂದ ಚಾರ್ಮಾಡಿಯ ಕೊನೆಯ ತಿರುವಿನವರೆಗೆ ಬರುತ್ತದೆ. ಇದು ಬರೀ ಎಡಗೈಗಳ ಲೆಕ್ಕ. ಬಲಗೈಗಳನ್ನೂ ಸೇರಿಸಿದರೆ ಘಾಟಿ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ವಾಪಸು ಬರಬಹುದು.

ಬಡ್ತಿಯ ವಿಷಯ ಬರೆಯುವುದಿಲ್ಲ. ಅದು ಸಿಕ್ಕಿದ್ದು ಒಂದೇ ಸಲ. ಅದರ ಗುರುತಿಗೆ ಸ್ಟೂಲು ತೆಗೆದು ಕುರ್ಚಿ ಕೊಟ್ಟರು. ಕುರ್ಚಿಗೆ ಮೂರೇ ಕಾಲು ಇತ್ತು. ನಾಲ್ಕನೆಯದು ಮುಂದಿನ ಬಡ್ತಿಗೆ ಇರಬೇಕೆಂದು ನಾನು ಇಷ್ಟು ವರ್ಷ ಕಾದೆ.

ಲ್ಯಾಬಿನ ಯಜಮಾನರನ್ನು ನಾವೆಲ್ಲ ಧಣಿಗಳು ಎನ್ನುತ್ತಿದ್ದೆವು. ಅವರಿಗೆ ಮೂರು ಊರಲ್ಲಿ ಮೂರು ಕೋಣೆಗಳಿದ್ದವು, ಮೂರಕ್ಕೂ ಸೇರಿ ನಾನೊಬ್ಬ. ಸೋಮವಾರ, ಮಂಗಳವಾರ ಬಂಟ್ವಾಳದ ಒಂದು ಆಸ್ಪತ್ರೆಯ ಒಳಗೆ. ಬುಧ, ಗುರು ಬೆಳ್ತಂಗಡಿಯಲ್ಲಿ ಒಂದು ಮೆಡಿಕಲ್ ಶಾಪಿನ ಮಾಳಿಗೆಯಲ್ಲಿ. ಶುಕ್ರ, ಶನಿ ಮೂಡಬಿದಿರೆಯಲ್ಲಿ ಮೆಟ್ಟಿಲ ಅಡಿಯ ಗೂಡಿನಲ್ಲಿ. ಡಾ. ಸದಾನಂದ ಎಂಬ ದೊಡ್ಡ ಡಾಕ್ಟರೂ ಅದೇ ದಿನಗಳಲ್ಲಿ ಅದೇ ಊರುಗಳಿಗೆ ಬರುತ್ತಿದ್ದರು. ಅವರು ಕಾರಿನಲ್ಲಿ, ನಾನು ಬಸ್ಸಿನ ಮೆಟ್ಟಿಲಲ್ಲಿ.

ಸಕ್ಕರೆ, ಮೂತ್ರ, ಕಫ, ಇವೆಲ್ಲ ಯಾರು ಬೇಕಾದರೂ ನೋಡುತ್ತಾರೆ. ನಾನು ಹೇಳಹೊರಟದ್ದು ಸದಾನಂದರಿಗೆ ಪ್ರಾಣವಾಗಿದ್ದ ಒಂದು ಪರೀಕ್ಷೆಯ ವಿಷಯ. ನಮ್ಮ ಮೂತ್ರಪಿಂಡಗಳ ತಲೆಯ ಮೇಲೆ ಅಡಕೆ ಹಾಳೆಯ ಮುಟ್ಟಾಳೆ ಇಟ್ಟ ಹಾಗೆ ಎರಡು ಸಣ್ಣ ಗ್ರಂಥಿಗಳು ಕೂತಿವೆ. ನಾಯಿ ಅಟ್ಟಿಸಿಕೊಂಡು ಬಂದಾಗ, ಜ್ವರ ಏರಿದಾಗ, ಧಣಿಗಳು ಒಳಗೆ ಕರೆದಾಗ ದೇಹ ಕುಸಿಯದ ಹಾಗೆ ಒಂದು ರಸ ಬಿಡುವುದು ಇವುಗಳ ಕೆಲಸ. ಆ ರಸಕ್ಕೆ ಕಾರ್ಟಿಸಾಲ್ ಎಂದು ಹೆಸರು. ಮೆದುಳಿನ ಬುಡದಲ್ಲಿ ಇವುಗಳಿಗೊಬ್ಬ ಮೇಸ್ತ್ರಿ ಇದ್ದಾನೆ. ಅವನು ಕೂಗಿದರೆ ಇವು ದುಡಿಯುತ್ತವೆ, ಅವನು ಸುಮ್ಮನಾದರೆ ಇವೂ ಸುಮ್ಮನೆ. ಈ ಏರ್ಪಾಡು ಸರಿಯಿದೆಯೇ ಎಂದು ನೋಡಲು ಎರಡು ಮದ್ದುಗಳುಂಟು. ಒಂದು ಮಾತ್ರೆ: ರಾತ್ರಿ ಹನ್ನೊಂದಕ್ಕೆ ನುಂಗಿದರೆ ಮೇಸ್ತ್ರಿ ಬಾಯಿ ಮುಚ್ಚುತ್ತಾನೆ, ಬೆಳಿಗ್ಗೆ ಎಂಟಕ್ಕೆ ರಕ್ತದಲ್ಲಿ ಕಾರ್ಟಿಸಾಲ್ ಇಳಿದಿರಬೇಕು. ಇಳಿಯದಿದ್ದರೆ ಎಲ್ಲೋ ಒಂದು ಗಡ್ಡೆ ಯಾರ ಮಾತೂ ಕೇಳದೆ ರಸ ಸುರಿಸುತ್ತಿದೆ ಎಂದು ಸಂಶಯ. ಇನ್ನೊಂದು ಇಂಜೆಕ್ಷನ್: ಅದು ಮೇಸ್ತ್ರಿಯದೇ ಸ್ವರದಲ್ಲಿ ಕೂಗಿ ಗ್ರಂಥಿಯನ್ನು ಎಬ್ಬಿಸುತ್ತದೆ. ಎದ್ದಿತೋ ಇಲ್ಲವೋ ಎಂದು ಅರ್ಧ ಗಂಟೆಗೊಮ್ಮೆ ರಕ್ತ ತೆಗೆದು ನೋಡುವುದು. ಒಂದು ಮದ್ದು ಮಲಗಿಸಿ ನೋಡಲು, ಇನ್ನೊಂದು ಎಬ್ಬಿಸಿ ನೋಡಲು. ಕೇಳುವಾಗ ತೊಟ್ಟಿಲು ತೂಗಿದಷ್ಟು ಸುಲಭ.

ತೊಂಬತ್ತರ ದಶಕದಲ್ಲಿ ಕಾರ್ಟಿಸಾಲ್ ಅಳೆಯುವ ಕಿಟ್ ನಮ್ಮ ಮೂರು ಊರಲ್ಲೂ ಇರಲಿಲ್ಲ. ರಕ್ತದ ತಿಳಿ ಬೇರೆ ಮಾಡಿ ಮಂಗಳೂರಿನ ಲ್ಯಾಬಿಗೆ ಬಸ್ಸಿನಲ್ಲಿ ಕಳಿಸಬೇಕಿತ್ತು. ಅದಕ್ಕೆ ಐಸ್ ಪೆಟ್ಟಿಗೆ ಕೇಳಿದರೆ ಧಣಿಗಳು ತಮ್ಮ ಮನೆಯ ಹಳೆಯ ಚಹಾದ ಫ್ಲಾಸ್ಕ್ ಕೊಟ್ಟರು. ಐಸು ಮೀನಿನವರದು. ಮಂಗಳೂರಿನವರು ಮೊದಲ ತಿಂಗಳು ನಮ್ಮ ರೋಗಿಗಳಿಗೆಲ್ಲ ಮೀನಿನ ವಾಸನೆ ಯಾಕೆ ಎಂದು ವಿಚಾರಿಸಿದ್ದರು. ಒಮ್ಮೆ ಫ್ಲಾಸ್ಕನ್ನು ಕಂಡಕ್ಟರ್ ರಫೀಕನ ಕೈಯಲ್ಲಿ ಕೊಟ್ಟು, ಡಾಕ್ಟರ ಸಾಮಾನು, ಜಾಗ್ರತೆ ಎಂದಿದ್ದೆ. ಸಂಜೆ ಮಂಗಳೂರಿನಿಂದ ಫೋನು: ಸೀರಮ್ ಬೆಂದು ಗಂಜಿಯಾಗಿದೆ. ಮರುದಿನ ರಫೀಕನನ್ನು ಹಿಡಿದು ಕೇಳಿದರೆ, ಫ್ಲಾಸ್ಕನ್ನು ಡ್ರೈವರನ ಪಕ್ಕ ಎಂಜಿನ್ ಬಾನೆಟಿನ ಮೇಲೆ ಕೂರಿಸಿದ್ದನಂತೆ.

"ಮತ್ತೆಲ್ಲಿ ಇಡುದು ಉಮೇಶಣ್ಣ? ಹಿಂದೆ ಇಟ್ರೆ ಕೋಳಿ ಬುಟ್ಟಿ ಉಂಟು. ಡಾಕ್ಟ್ರದ್ದು ಅಂದ್ರಲ್ಲ, ಮರ್ಯಾದೆಯಲ್ಲಿ ಎದುರು ಇಟ್ಟೆ."

ಬೈಗುಳ ನನಗೆ ಬಂತು. ಐಸ್ ಪೆಟ್ಟಿಗೆ ಮಾತ್ರ ಬರಲಿಲ್ಲ. ಎಳೆಯರೇ, ಇದನ್ನು ನೆನಪಿಟ್ಟುಕೊಳ್ಳಿ. ರಿಪೋರ್ಟು ಸರಿಯಾದರೆ ಡಾಕ್ಟರ ಜಾಣತನ, ತಪ್ಪಾದರೆ ಟೆಕ್ನಿಶಿಯನ್ನನ ಕೈಗುಣ.

ಹನ್ನೊಂದು ಗಂಟೆಯ ಮಾತ್ರೆಯದು ಇನ್ನೊಂದು ರಾಮಾಯಣ. ನಮ್ಮ ಕಡೆ ಎಂಟೂವರೆಗೆ ಉಂಡು ಒಂಬತ್ತಕ್ಕೆ ಗೊರಕೆ ಹೊಡೆಯುವವರೇ ಹೆಚ್ಚು. ನರಿಕೊಂಬಿನ ಒಬ್ಬರು ನಿವೃತ್ತ ಮಾಸ್ತರರು ಮಾತ್ರೆಯ ಹೊತ್ತು ತಪ್ಪೀತು ಎಂದು ಹೆಂಡತಿ, ಇಬ್ಬರು ಸೊಸೆಯಂದಿರು ಮತ್ತು ನಾಯಿಯನ್ನು ಕಾವಲಿಗೆ ಕೂರಿಸಿ ಬೆಳಗಿನವರೆಗೆ ಎಚ್ಚರವಿದ್ದರು. ಅವರ ಕಾರ್ಟಿಸಾಲ್ ಇಳಿಯಲಿಲ್ಲ. ಆ ರಾತ್ರಿ ಅವರ ನಾಯಿಯದೂ ಇಳಿದಿರಲಿಕ್ಕಿಲ್ಲ. ನಿದ್ದೆಗೆಟ್ಟದ್ದಕ್ಕೆ ಹೀಗಾಗಿರಬಹುದೇ ಎಂದು ನಾನು ಸದಾನಂದರನ್ನು ಮೆಲ್ಲ ಕೇಳಿದೆ. ಅವರು ರಿಪೋರ್ಟಿನ ಮೇಲೆ ಪೆನ್ನಿನಿಂದ ಕುಟ್ಟಿ, ನನಗೆ ಕಾಗದ ಓದಲು ಬರುತ್ತದೆ ಎಂದರು. ಅವರ ತೊಂದರೆಯೇ ಅದು. ಕಾಗದ ಓದಲು ಬರುತ್ತಿತ್ತು.

ಈಗ ಗುಲಾಬಿಯಕ್ಕನ ಕಥೆ. ಇದನ್ನು ಹೇಳುವುದಕ್ಕೇ ಇಷ್ಟು ಹೊತ್ತು ಸುತ್ತು ಹೊಡೆದೆ.

ಗುಲಾಬಿಯಕ್ಕ ಕಕ್ಕಿಂಜೆಯವರು, ಬೀಡಿ ಕಟ್ಟುವವರು. ನಲ್ವತ್ತು ಆಗಿರಲಿಲ್ಲ. ಬೆಳ್ತಂಗಡಿಯ ನಮ್ಮ ಮಾಳಿಗೆ ಹತ್ತುವಾಗ ಮೂರು ಕಡೆ ಕೂತು ಬಂದರು. ಮುಖ ಹುಣ್ಣಿಮೆಯ ಹಾಗೆ ಗುಂಡಗೆ, ಹೊಟ್ಟೆ ತೋರ, ಕೈಕಾಲು ಮಾತ್ರ ಕಡ್ಡಿ. ಹೊಟ್ಟೆಯ ಮೇಲೆ ಕೆಸುವಿನ ದಂಟಿನ ನೇರಳೆ ಬಣ್ಣದ ಗೆರೆಗಳು. ಊರಿನವರೆಲ್ಲ, ಶೀನಪ್ಪ ಹೆಂಡತಿಯನ್ನು ಒಳ್ಳೆ ಸಾಕಿದ್ದಾನೆ ಎಂದು ಅವರ ಗಂಡನನ್ನು ಹೊಗಳುತ್ತಿದ್ದರಂತೆ. ಸಕ್ಕರೆ ಏರಿತ್ತು, ಬಿ.ಪಿ. ಏರಿತ್ತು. ಸದಾನಂದರು ಅವರನ್ನು ನೋಡಿದ ಸಂತೋಷವನ್ನು ನಾನು ಆಮೇಲೆ ಕಂಡದ್ದು ಅವರ ಮಗಳ ಮದುವೆಯಲ್ಲಿ ಮಾತ್ರ. ಪುಸ್ತಕದಲ್ಲಿ ಓದಿದ ರೋಗ ಸೀರೆ ಉಟ್ಟು ನಡೆದು ಬಂದಿತ್ತು. ಏನಾದರೂ ಮಾತ್ರೆ ತಿನ್ನುತ್ತೀರಾ ಎಂದು ಕೇಳಿದರು. ಇಲ್ಲ ಎಂದರು ಗುಲಾಬಿಯಕ್ಕ. ಸದಾನಂದರು ತಾವೇ ಎರಡು ಮಾತ್ರೆ ಕೈಗಿಟ್ಟು, ಇಂದು ರಾತ್ರಿ ಹನ್ನೊಂದಕ್ಕೆ ನುಂಗಿ ನಾಳೆ ಎಂಟಕ್ಕೆ ರಕ್ತ ಕೊಡಿ ಎಂದರು.

ಮರುದಿನ ಅವರು ಮೊದಲ ಬಸ್ಸಿಗೆ ಬಂದು ಎಂಟಕ್ಕೆ ಸರಿಯಾಗಿ ಕೂತಿದ್ದರು. ಚೀಟಿ ತೆಗೆಯಲು ಸೊಂಟದ ಸಂಚಿ ಬಿಚ್ಚಿದಾಗ ಒಂದು ಸಣ್ಣ ಕಾಗದದ ಪೊಟ್ಟಣ ಕೆಳಗೆ ಬಿತ್ತು. ಹಳೆಯ ಕ್ಯಾಲೆಂಡರಿನ ತುಂಡು. ಮೇಲೆ ಕೆಂಪಗೆ ಹದಿನೈದು ಎಂಬ ಅಂಕೆ. ಹೆಕ್ಕಿ ಕೊಟ್ಟವನು ನಾನೇ. ಕಾಯುತ್ತಿದ್ದ ಏಳೆಂಟು ಜನರ ಎದುರು ನನಗೆ ಬಾಯಿ ತುರಿಸಿತು. ನಮ್ಮ ಮಾತೆಲ್ಲ ತುಳುವಿನಲ್ಲಿ ಆದದ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಂತ ಗುಲಾಬಿಯಕ್ಕ, ತಾರೀಕನ್ನು ಕಟ್ಟಿಕೊಂಡು ತಿರುಗುದಾ?"

ಅವರು ನಕ್ಕು ಪೊಟ್ಟಣವನ್ನು ಬೇಗ ಒಳಗೆ ತುರುಕಿದರು. ಜನ ನಕ್ಕರು. ನನಗೆ ಇನ್ನೂ ಹುಮ್ಮಸ್ಸು ಬಂತು.

"ಖಾಲಿ ಹೊಟ್ಟೆ ಹೌದಲ್ಲ? ನಿನ್ನೆ ಬಂಗುಡೆ ಸಾರು ಜೋರಿತ್ತೋ ಏನೋ."

"ಬಂಗುಡೆ ತಿನ್ನದೆ ಎರಡು ವರ್ಷ ಆಯ್ತು ಅಣ್ಣ."

"ಹಾಗಾದ್ರೆ ಇವತ್ತಿನಿಂದ ನಿಮ್ಮನ್ನು ಭಟ್ರೇ ಅಂತ ಕರೀತೇನೆ."

ಕೋಣೆಯಿಡೀ ನಕ್ಕಿತು. ಆ ನಗುವಿನಲ್ಲಿ ನಾನು ಸೂಜಿ ಚುಚ್ಚಿದೆ. ಒಂದೇ ಏಟಿಗೆ ರಕ್ತ ಬಂತು.

ನನ್ನ ಇಡೀ ಕೆಲಸದ ಅತಿ ದೊಡ್ಡ ತಪ್ಪು ಆ ಎರಡು ನಿಮಿಷದಲ್ಲಿ ಆದದ್ದು. ಟ್ಯೂಬು ಒಡೆದದ್ದಲ್ಲ, ಹೆಸರು ಅದಲುಬದಲು ಮಾಡಿದ್ದಲ್ಲ. ಮೀನು ತಿನ್ನುವ ಮನೆಯವರು ನಮ್ಮ ಕರಾವಳಿಯಲ್ಲಿ ಎರಡು ವರ್ಷ ಬಂಗುಡೆ ಬಿಟ್ಟಿದ್ದಾರೆ ಎಂದರೆ ಏನರ್ಥ? ಹಾಲು ಕುಡಿಯುವ ಮಗುವಿಗೂ ಗೊತ್ತು, ನಾಟಿ ಮದ್ದಿನ ಪಥ್ಯ. ಬಂಗುಡೆ, ಬದನೆ ಎರಡೂ ವರ್ಜ್ಯ. ಪೊಟ್ಟಣವನ್ನು ಕೈಯಲ್ಲಿ ಹಿಡಿದಿದ್ದೆ, ಪಥ್ಯವನ್ನು ಕಿವಿಯಲ್ಲಿ ಕೇಳಿದ್ದೆ. ಎರಡನ್ನೂ ನಗೆಗೆ ಖರ್ಚು ಮಾಡಿದೆ.

ವಾರ ಕಳೆದು ಮಂಗಳೂರಿನಿಂದ ರಿಪೋರ್ಟು ಬಂತು. ಮಾತ್ರೆ ನುಂಗಿದ ಮೇಲೆ ಐದಕ್ಕಿಂತ ಕೆಳಗೆ ಇಳಿಯಬೇಕಾದ ಕಾರ್ಟಿಸಾಲ್ ಇಪ್ಪತ್ತನಾಲ್ಕು ಇತ್ತು. ಗಡ್ಡೆಯೇ ಸೈ ಎಂದರು ಸದಾನಂದರು. ಮಂಗಳೂರಿನಲ್ಲಿ ಸ್ಕ್ಯಾನಿಂಗ್, ಆಮೇಲೆ ಆಪರೇಷನ್, ಗ್ರಂಥಿ ತೆಗೆಯುವುದು. ಮಂಚ ಕಾದಿರಿಸಿದರು. ಡಾಕ್ಟರುಗಳ ಸಭೆಯಲ್ಲಿ ಓದಲು ಪ್ರಬಂಧ ಬರೆಯುವುದಕ್ಕೂ ಕೂತರು. ಗುಲಾಬಿಯಕ್ಕನಿಗೆ ಹೇಳಿದ್ದು ಒಂದೇ ಮಾತು: ಅಡ್ಮಿಟ್ ಆಗುವವರೆಗೆ ಬಾಯಿಗೆ ಯಾವ ಮದ್ದೂ ಹಾಕಬೇಡಿ. ಅವರು ಡಾಕ್ಟರ ಮಾತನ್ನು ಅಕ್ಷರಶಃ ಪಾಲಿಸಿದರು. ಯಾವ ಮದ್ದೂ ಹಾಕಲಿಲ್ಲ.

ಐದನೆಯ ದಿನ ಸೋಮವಾರ. ನಾನು ಬಂಟ್ವಾಳದಲ್ಲಿದ್ದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಒಂದು ಜೀಪು ಆಸ್ಪತ್ರೆಯ ಅಂಗಳಕ್ಕೆ ನುಗ್ಗಿತು. ಶೀನಪ್ಪಣ್ಣ ಹೆಂಡತಿಯನ್ನು ಮಂಗಳೂರಿಗೆ ಸಾಗಿಸುತ್ತಿದ್ದವರು, ಅಲ್ಲಿಯವರೆಗೆ ಜೀವ ಹಿಡಿಯಲಾರದು ಎಂದು ಕಂಡು ನಮ್ಮಲ್ಲಿ ಇಳಿಸಿದ್ದರು. ಎರಡು ದಿನದಿಂದ ವಾಂತಿ, ಎದ್ದರೆ ತಲೆತಿರುಗು. ಡ್ಯೂಟಿಯಲ್ಲಿದ್ದವರು ಡಾ. ಝೈನಬಾ. ಕಲ್ಲಡ್ಕದ ಅಂಗಡಿಯವರ ಮಗಳು, ಓದು ಮುಗಿಸಿ ಆಗಷ್ಟೇ ಸೇರಿದವರು, ಎಷ್ಟು ಸಣ್ಣವರೆಂದರೆ ಕೆಲವು ರೋಗಿಗಳು ಅವರಿಗೇ, ಮಗಾ, ಡಾಕ್ಟ್ರನ್ನು ಕರಿ ಎನ್ನುತ್ತಿದ್ದರು. ಅವರು ಬಿ.ಪಿ. ನೋಡಿದರು, ಪಟ್ಟಿಯನ್ನು ಇನ್ನೊಂದು ಕೈಗೆ ಕಟ್ಟಿ ಪುನಃ ನೋಡಿದರು. ಸಿಗಲಿಲ್ಲ. ನನ್ನನ್ನು ಕರೆದು ರಕ್ತ ತೆಗೆಯಲು ಹೇಳಿದರು.

ಸೇತುವೆಯಿಂದ ಘಾಟಿಯವರೆಗೆ ಚುಚ್ಚಿದ ಭೂಪನಿಗೆ ಅಂದು ಒಂದು ನರ ಸಿಗಲಿಲ್ಲ. ಮೂರನೆಯ ಸಲ ಮೊಣಕೈಯ ಮಡಿಕೆ ತಡಕುವಾಗ ಸೊಂಟದ ಸಂಚಿ ಕಣ್ಣಿಗೆ ಬಿತ್ತು. ಕೆಂಪು ಅಂಕೆ ನೆನಪಾಯಿತು. ಬಂಗುಡೆಯೂ ನೆನಪಾಯಿತು.

ಪೊಟ್ಟಣದಲ್ಲಿ ಏನಿದೆ ಎಂದು ಗುಲಾಬಿಯಕ್ಕನ ಕಿವಿಯ ಹತ್ತಿರ ಬಗ್ಗಿ ಕೇಳಿದೆ. ಕಣ್ಣು ಬಿಡಲೂ ತ್ರಾಣವಿಲ್ಲದ ಹೆಂಗಸು ತುಟಿ ಬಿಗಿದುಕೊಂಡು ಮುಖ ಆಚೆ ತಿರುಗಿಸಿದರು. ಶೀನಪ್ಪಣ್ಣ ಕಾಲ ಬುಡದಲ್ಲಿ ನಿಂತಿದ್ದರು.

"ಅದು ಹೇಳ್ಬಾರದು ಅಂತ ಉಂಟು. ಪಂಡಿತರು ಹೇಳಿದ್ದಾರೆ. ಇಂಗ್ಲಿಷ್ ಡಾಕ್ಟ್ರ ಎದುರು ಹೆಸರು ಎತ್ತಿದ್ರೆ ಮದ್ದು ಹಿಡಿಯುದಿಲ್ಲ ಅಂತ."

"ಶೀನಪ್ಪಣ್ಣ, ಮದ್ದು ಹಿಡಿಯದಿದ್ರೆ ಬೇಡ. ನಿಮ್ಗೆ ಹೆಂಡತಿ ಬೇಕಾ?"

ಅವರು ಒಮ್ಮೆ ಹೆಂಡತಿಯನ್ನು, ಒಮ್ಮೆ ಬಾಗಿಲನ್ನು ನೋಡಿದರು. ಆಮೇಲೆ ಎಲ್ಲ ಹೇಳಿದರು. ಎರಡು ವರ್ಷದ ಹಿಂದೆ ಬೆನ್ನು ನೋವಿನಲ್ಲಿ ಬೀಡಿ ಕಟ್ಟಲು ಕೂರಲಾಗದೆ ಪಂಡಿತರ ಹತ್ತಿರ ಹೋದದ್ದು. ಘಾಟಿಯ ಬೇರುಗಳ ಪುಡಿ ಎಂದು ಕ್ಯಾಲೆಂಡರಿನ ತುಂಡಿನಲ್ಲಿ ಕಟ್ಟಿ ಕೊಟ್ಟದ್ದು. ದಿನಕ್ಕೊಂದು, ಬೆಳಗ್ಗೆ ಏಳುವಾಗಲೇ ಬಿಸಿನೀರಲ್ಲಿ. ಮೂರೇ ದಿನದಲ್ಲಿ ನೋವು ಹೋದದ್ದು. ಡಾಕ್ಟರು ಯಾವ ಮದ್ದೂ ಬೇಡ ಎಂದ ಮೇಲೆ ಐದು ದಿನದಿಂದ ಅದನ್ನೂ ಬಿಟ್ಟದ್ದು.

ಝೈನಬಾ ಮೇಡಮ್ ಮುಂದೆ ಕೇಳಲಿಲ್ಲ. ನರ್ಸಿಗೆ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ತರಲು ಹೇಳಿದರು, ಸಲೈನ್ ಓಡಿಸಿದರು. ಮಧ್ಯಾಹ್ನ ಗುಲಾಬಿಯಕ್ಕ ಕಣ್ಣು ಬಿಟ್ಟರು. ಮೂರು ಗಂಟೆಗೆ ಗಂಜಿ ಕೇಳಿದರು, ಅದರ ಜೊತೆ ಉಪ್ಪಿನಕಾಯಿಯನ್ನೂ ಕೇಳಿದರು. ನಾನು ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದು ಬಂದೆ. ಸೆಕೆ ಇತ್ತು.

ಮೇಡಮ್ ನನ್ನನ್ನು ಕೂರಿಸಿ ಬಿಡಿಸಿ ಹೇಳಿದರು. ಅವರ ಅಂದಾಜಿನಂತೆ ಪುಡಿಯಲ್ಲಿ ಬೇರೂ ಇಲ್ಲ, ನಾರೂ ಇಲ್ಲ. ಅರೆದ ಸ್ಟೀರಾಯ್ಡ್ ಮಾತ್ರೆ, ಅಂದರೆ ಕಾರ್ಟಿಸಾಲಿನ ಅವಳಿ ತಮ್ಮ. ಎರಡು ವರ್ಷ ಹೊರಗಿನಿಂದ ಬಂದು ಬೀಳುತ್ತಿದ್ದುದರಿಂದ ಮೇಸ್ತ್ರಿ ಕೂಗುವುದು ಬಿಟ್ಟ, ಗ್ರಂಥಿ ಮಲಗಿತು. ಪುಡಿ ಒಮ್ಮೆಲೆ ನಿಂತಾಗ ಕೆಲಸಕ್ಕೆ ಒಬ್ಬರೂ ಇರಲಿಲ್ಲ. ಹಾಗಾದರೆ ಪರೀಕ್ಷೆಯಲ್ಲಿ ಇಪ್ಪತ್ತನಾಲ್ಕು ಬಂದದ್ದು ಹೇಗೆ ಎಂದೆ. ಆ ಕಿಟ್ಟಿಗೆ ಅಣ್ಣ ತಮ್ಮಂದಿರ ಗುರುತು ಹತ್ತುವುದಿಲ್ಲ ಎಂದರು. ರಕ್ತ ಕೊಡುವ ದಿನವೂ ಬಸ್ಸು ಹತ್ತುವ ಮೊದಲು ಗುಲಾಬಿಯಕ್ಕ ಪುಡಿ ಕುಡಿದಿದ್ದರು. ಕಿಟ್ಟು ಎಣಿಸಿದ್ದು ಆ ಪುಡಿಯನ್ನು. ಇಲ್ಲದ ಗಡ್ಡೆಗೆ ಮಂಗಳೂರಿನಲ್ಲಿ ಮಂಚ ಸಿದ್ಧವಾಗಿತ್ತು. ಮಲಗಿದ ಗ್ರಂಥಿಯನ್ನು ಕೊಯ್ದು ತೆಗೆದರೆ ಅದು ಮತ್ತೆ ಏಳುವ ಪ್ರಶ್ನೆಯೇ ಇಲ್ಲ.

ಸದಾನಂದರು ಆ ಸೋಮವಾರ ಬಂದಿರಲಿಲ್ಲ, ಮನೆಗೆ ಫೋನ್ ಮಾಡಿದೆವು. ಮೇಡಮ್ ಹೇಳಿದ್ದನ್ನು ಅವರು ಕೇಳಲೇ ಇಲ್ಲ. ಊಹೆಯ ಮೇಲೆ ವೈದ್ಯ ಮಾಡಬಾರದು, ನಾಟಿ ಪುಡಿಯಲ್ಲಿ ಏನಿದೆ ಎಂದು ಯಾರು ನೋಡಿದ್ದಾರೆ ಎಂದರು. ನಾನು ನಡುವೆ ಬಾಯಿ ಹಾಕಿದ್ದಕ್ಕೆ, ನೀನು ಡಾಕ್ಟರಾ ಎಂದು ಕೇಳಿದರು. ಚೇತರಿಸಿದ ಕೂಡಲೇ ಮಂಗಳೂರಿಗೆ ಕಳಿಸಿ ಎಂದು ಫೋನ್ ಇಟ್ಟರು. ಕಾಗದ ಓದಲು ಬರುವವರಿಗೆ ಕಾಗದವೇ ಬೇಕು. ಸರಿ, ಕಾಗದವನ್ನೇ ಕೊಡುವ ಎಂದು ನಾನು ತೀರ್ಮಾನಿಸಿದೆ.

ಪೊಟ್ಟಣದಿಂದ ಒಂದು ಚಿಟಿಕೆ ಪುಡಿ ತೆಗೆದು ಸಲೈನಿನಲ್ಲಿ ಕದಡಿ, ಸೋಸಿ, ಟ್ಯೂಬಿಗೆ ತುಂಬಿದೆ. ರಿಜಿಸ್ಟರಿನಲ್ಲಿ ಬರೆದೆ: ಹೆಸರು ಪುಡಿಯಪ್ಪ, ವಯಸ್ಸು ನಲ್ವತ್ತು, ಗಂಡು, ಪರೀಕ್ಷೆ ಕಾರ್ಟಿಸಾಲ್. ಮೇಡಮ್ ನೋಡಿ, ಒಂದೇ ಸಾಲದು, ಪಕ್ಕದಲ್ಲಿ ನಿಜವಾದ ನಾಟಿ ಪುಡಿಯೊಂದು ಬೇಕು, ಇಲ್ಲದಿದ್ದರೆ ಯಾವ ಪುಡಿಗೂ ಹಾಗೇ ಬರುತ್ತದೆ ಎಂದಾರು ಎಂದರು. ಕ್ಯಾಂಟೀನಿನಿಂದ ಒಣಶುಂಠಿ ತಂದು ಕುಟ್ಟಿದೆ. ಪುಡಿಯಪ್ಪನ ಕೆಳಗೆ ಅವನ ಹೆಂಡತಿ ಶುಂಠಿಯಮ್ಮ, ಮೂವತ್ತಾರು ವರ್ಷ. ಗಂಡಹೆಂಡಿರನ್ನು ಒಂದೇ ಫ್ಲಾಸ್ಕಿನಲ್ಲಿ ಕೂರಿಸಿ ರಫೀಕನಿಗೆ ಕೊಟ್ಟೆ. ಅವನು ಮುಚ್ಚಳ ತೆಗೆದು ಇಣುಕಿದ.

"ಇದು ಯಾರ ರಕ್ತ ಉಮೇಶಣ್ಣ? ಬಣ್ಣವೇ ಇಲ್ಲ."

"ಬಡವರು ಮಾರಾಯ. ಬಾನೆಟಿನ ಮೇಲೆ ಇಡ್ಬೇಡ."

ಮೂರನೆಯ ದಿನ ಮಂಗಳೂರಿನ ಲ್ಯಾಬಿನವರದೇ ಫೋನು. ನಾನು ಅಲ್ಲಿಯವರೆಗೆ ಅವರ ಸ್ವರ ಇಷ್ಟು ಗಾಬರಿಯಲ್ಲಿ ಕೇಳಿರಲಿಲ್ಲ.

"ಪುಡಿಯಪ್ಪ ಅಂತ ರೋಗಿ ಇದ್ದಾರಲ್ಲ, ಅವರ ಕಾರ್ಟಿಸಾಲ್ ಮೀಟರಿನ ಮೇಲೆ ಹೋಗಿದೆ. ಹತ್ತು ಪಟ್ಟು ನೀರು ಮಾಡಿದ್ರೂ ಇಳಿಯುದಿಲ್ಲ. ಅಡ್ಮಿಟ್ ಮಾಡಿದ್ದೀರಾ?"

"ಮಾಡಿದ್ದೇವೆ ಸರ್."

"ಎಲ್ಲಿ ಇದ್ದಾರೆ ಈಗ?"

"ಡಬ್ಬಿಯಲ್ಲಿ ಸರ್. ಮುಚ್ಚಳ ಹಾಕಿ ಇಟ್ಟಿದ್ದೇನೆ."

ಶುಂಠಿಯಮ್ಮನ ಆರೋಗ್ಯ ಉತ್ತಮವಾಗಿತ್ತು. ಅವಳ ಕಾರ್ಟಿಸಾಲ್ ಸೊನ್ನೆ.

ಮೇಡಮ್ ಜೊತೆ ಹೋಗಿ ನಾನು ಎರಡು ರಿಪೋರ್ಟುಗಳನ್ನೂ ಸದಾನಂದರ ಮೇಜಿನ ಮೇಲೆ ಇಟ್ಟೆ. ಅವರು ಬಹಳ ಹೊತ್ತು ಓದಿದರು. ತಪ್ಪಾಯಿತು ಎಂಬ ಶಬ್ದ ಅವರ ಓದಿನಲ್ಲಿ ಬಂದಿರಲಿಲ್ಲವೋ ಏನೋ. ಪುಡಿಯೂ ಇರಬಹುದು, ಗಡ್ಡೆಯೂ ಇರಬಹುದು ಎಂದರು. ಪುಡಿ ಬಿಟ್ಟ ಮೇಲೂ ಕಾರ್ಟಿಸಾಲ್ ಏರಿದ್ದರೆ ಗಡ್ಡೆ, ಕೂಗಿದರೂ ಏಳದಿದ್ದರೆ ಗ್ರಂಥಿ ಮಲಗಿದೆ, ಎಬ್ಬಿಸುವ ಇಂಜೆಕ್ಷನ್ ಕೊಟ್ಟೇ ನೋಡುವ ಎಂದರು ಮೇಡಮ್. ಸದಾನಂದರು ಆಗಲಿ ಎಂದು ತಲೆಯಾಡಿಸಿ ಮಂಗಳೂರಿನ ಮಂಚವನ್ನು ಎರಡು ವಾರ ಮುಂದಕ್ಕೆ ಹಾಕಿದರು. ರದ್ದು ಮಾಡಲಿಲ್ಲ.

ಧಣಿಗಳು ಕರೆದದ್ದು ಅದೇ ದಿನ. ಇಲ್ಲದ ಇಬ್ಬರನ್ನು ರಿಜಿಸ್ಟರಿಗೆ ಹತ್ತಿಸಿದ್ದು ಅಪರಾಧವಂತೆ. ಆಗ ನನಗೂ ತಡೆಯಲಿಲ್ಲ. ಬೆಳ್ತಂಗಡಿಯಲ್ಲಿ ನಮ್ಮ ಮಾಳಿಗೆಯ ಕೆಳಗಿನ ಮೆಡಿಕಲ್ ಶಾಪು ಧಣಿಗಳ ಭಾವನದು. ಪಂಡಿತರ ಸ್ಕೂಟರು ತಿಂಗಳಿಗೊಮ್ಮೆ ಅದರ ಹಿಂಬಾಗಿಲಲ್ಲಿ ನಿಲ್ಲುತ್ತಿತ್ತು. ಸಾವಿರ ಮಾತ್ರೆಯ ಡಬ್ಬಿಗಳನ್ನು ಅವರು ಗೋಣಿಗೆ ತುಂಬುವುದನ್ನು ನಾನು ಎಷ್ಟೋ ಸಲ ಕಿಟಕಿಯಿಂದ ಕಂಡಿದ್ದೆ, ದೊಡ್ಡ ಮನುಷ್ಯರೆಂದು ನಮಸ್ಕಾರವನ್ನೂ ಹೊಡೆದಿದ್ದೆ. ಅದನ್ನು ಹೇಳಿದೆ. ಧಣಿಗಳ ಮುಖ ಕೆಂಪಾಗಲಿಲ್ಲ, ಬಿಳಿಚಲಿಲ್ಲ. ಕನ್ನಡಕ ಒರೆಸಿಕೊಂಡರು.

"ನಮಗ್ಯಾಕೆ ಮಾರಾಯ ಊರಿನ ಉಸಾಬರಿ. ನೀನು ರಕ್ತ ತೆಗಿ."

ಇಷ್ಟು ವರ್ಷವಾದರೂ ನನ್ನ ಬಿ.ಪಿ. ಏರುವುದು ಆ ಮಾತಿಗೆ. ಬೈದಿದ್ದರೆ ಮರೆಯುತ್ತಿದ್ದೆ. ಕೆಳಗಿನ ಅಂಗಡಿಯಿಂದ ರೋಗ ಹೊರಗೆ ಹೋಗುತ್ತದೆ, ಮೇಲಿನ ಲ್ಯಾಬಿಗೆ ಪರೀಕ್ಷೆಗೆ ಬರುತ್ತದೆ, ನಡುವೆ ಇರುವುದು ಹದಿನಾಲ್ಕು ಮೆಟ್ಟಿಲು. ಆ ಮೆಟ್ಟಿಲುಗಳನ್ನೇ ಗುಲಾಬಿಯಕ್ಕ ಮೂರು ಕಡೆ ಕೂತು ಹತ್ತಿದ್ದು. ನಾನೂ ಮೇಡಮ್ಮೂ ಸೇರಿ ಔಷಧ ಇಲಾಖೆಯ ಮೇಲಿನವರಿಗೆ ಅರ್ಜಿ ಬರೆದೆವು. ತನಿಖೆಗೆ ಬಂದವರು ಬರುವ ದಿನವನ್ನು ಮೊದಲೇ ತಿಳಿಸಿ ಬಂದರು. ಅಂಗಡಿಯ ಕಪಾಟು ದೇವರ ಕೋಣೆಯ ಹಾಗೆ ಗುಡಿಸಿ ಇಟ್ಟಿತ್ತು. ಪಂಡಿತರು ಒಂದು ತಿಂಗಳು ಕಾಣಲಿಲ್ಲ, ಆಮೇಲೆ ಹೊಸ ಸ್ಕೂಟರಿನಲ್ಲಿ ಬಂದರು. ಧಣಿಗಳು ನನ್ನನ್ನು ಮೂಡಬಿದಿರೆಯ ಮೆಟ್ಟಿಲಡಿಯ ಗೂಡಿಗೆ ವಾರವಿಡೀ ಕೂರುವ ಹಾಗೆ ಹಾಕಿದರು.

ಎಬ್ಬಿಸುವ ಪರೀಕ್ಷೆ ಮಾತ್ರ ಅದಕ್ಕೆ ಮೊದಲೇ ಬಂಟ್ವಾಳದಲ್ಲಿ ಆಯಿತು. ಎರಡು ವಾರ ಮೇಡಮ್ ಗುಲಾಬಿಯಕ್ಕನಿಗೆ ಕಿಟ್ಟಿನ ಕಣ್ಣಿಗೆ ಕಾಣದ ಬೇರೆ ಜಾತಿಯ ಮಾತ್ರೆಯನ್ನು ಅಳೆದು ಕೊಟ್ಟು ಕಾಪಾಡಿದ್ದರು. ಮಂಗಳೂರಿನಿಂದ ಇಂಜೆಕ್ಷನ್ನಿನ ಆಂಪೂಲನ್ನು ರಫೀಕ್ ತನ್ನ ಮಡಿಲಲ್ಲೇ ಇಟ್ಟುಕೊಂಡು ತಂದ. ಟಿಕೆಟನ್ನು ಅಂದು ಕ್ಲೀನರ್ ಕೊಟ್ಟನಂತೆ. ಮೊದಲ ರಕ್ತ ತೆಗೆದೆ, ಮೇಡಮ್ ಇಂಜೆಕ್ಷನ್ ಕೊಟ್ಟರು, ನಾನು ಗಡಿಯಾರ ಹಿಡಿದು ಕೂತೆ. ತಮಾಷೆ ಮಾಡಲಿಲ್ಲ. ಗುಲಾಬಿಯಕ್ಕನೇ ಮಾತು ತೆಗೆದರು.

"ಎರಡು ವರ್ಷ ಬೆನ್ನು ನೋವಿಲ್ಲದೆ ಬೀಡಿ ಕಟ್ಟಿದ್ದೇನೆ ಅಣ್ಣ. ಅದು ಸುಳ್ಳಾ?"

"ಸುಳ್ಳಲ್ಲ."

"ನಾನು ಬಾಯಿ ಬಿಡದೆ ಇದ್ದದ್ದು ಅದಕ್ಕೇ. ನಂಬಿ ಕೊಟ್ಟವರಿಗೆ ದ್ರೋಹ ಆಗ್ತದಲ್ಲ." ನನ್ನ ಕೈಯ ಗಡಿಯಾರ ನೋಡಿ ಕೇಳಿದರು, "ಮಲಗಿದ್ದು ಏಳ್ತದಾ?"

ಏಳುತ್ತದೆ, ಮೆಲ್ಲ ಏಳುತ್ತದೆ ಎಂದೆ. ಡಾಕ್ಟರಲ್ಲದವನು ಹೇಳಬಾರದ ಮಾತು. ಹೇಳಿದೆ.

ರಿಪೋರ್ಟು ಬಂತು: ಮೊದಲು ಒಂದು, ಅರ್ಧ ಗಂಟೆಗೆ ಒಂದೂವರೆ, ಒಂದು ಗಂಟೆಗೆ ಎರಡು. ಇಪ್ಪತ್ತರ ಹತ್ತಿರ ಏರಬೇಕಿತ್ತು. ಗಡ್ಡೆಯಲ್ಲ, ಗಾಢ ನಿದ್ದೆ. ಮಂಗಳೂರಿನ ಮಂಚ ರದ್ದಾಯಿತು. ಸದಾನಂದರು ಸಭೆಯಲ್ಲಿ ಪ್ರಬಂಧ ಓದಿದರೆಂದು ಆಮೇಲೆ ಕೇಳಿದೆ, ತಲೆಬರಹ ಮಾತ್ರ ಬದಲಿಸಿ, ನಾಟಿ ಪುಡಿಯಿಂದ ಪರೀಕ್ಷೆ ತಪ್ಪುವುದನ್ನು ತಾನು ಹೇಗೆ ಪತ್ತೆ ಮಾಡಿದೆ ಎಂದು. ನನ್ನ ಹೆಸರು ಬೇಡ, ಮೇಡಮ್ಮಿನದೂ ಬೇಡ, ಶುಂಠಿಯಮ್ಮನ ಹೆಸರಾದರೂ ಹಾಕಬಹುದಿತ್ತು.

ಗುಲಾಬಿಯಕ್ಕನ ಗ್ರಂಥಿ ಏಳಲು ಒಂದೂವರೆ ವರ್ಷ ಹಿಡಿಯಿತು. ಮಾತ್ರೆಯನ್ನು ಚೂರುಚೂರೇ ಇಳಿಸುವುದು, ಕೆಲವು ತಿಂಗಳಿಗೊಮ್ಮೆ ಕೂಗಿ ನೋಡುವುದು. ಬೆನ್ನು ನೋವು ಬಡ್ಡಿ ಸಮೇತ ವಾಪಸು ಬಂದಿತ್ತು. ಮೇಡಮ್ ಅಷ್ಟರಲ್ಲಿ ಮೂಡಬಿದಿರೆಯಲ್ಲಿ ಕ್ಲಿನಿಕ್ ತೆರೆದಿದ್ದರು. ಅಲ್ಲಿಗೆ ಬಂದಾಗೆಲ್ಲ ಗುಲಾಬಿಯಕ್ಕ ನನ್ನ ಗೂಡಿಗೆ ಬರುತ್ತಿದ್ದರು. ಎರಡನೆಯ ಪರೀಕ್ಷೆಯಲ್ಲಿ ಐದು, ಮೂರನೆಯದರಲ್ಲಿ ಹನ್ನೊಂದು. ಮುಖದ ಹುಣ್ಣಿಮೆ ಕರಗಿ ಕೆನ್ನೆಯ ಎಲುಬು ಕಾಣುತ್ತಿತ್ತು. ಊರಿನವರು ಈಗ, ಶೀನಪ್ಪ ಹೆಂಡತಿಗೆ ಊಟ ಹಾಕುವುದಿಲ್ಲ ಎನ್ನುತ್ತಿದ್ದರಂತೆ.

ನಾಲ್ಕನೆಯ ಪರೀಕ್ಷೆಯ ರಿಪೋರ್ಟು ಒಯ್ಯಲು ಬಂದದ್ದು ಒಂದು ಸಂತೆಯ ದಿನ. ಗೂಡಿನ ಹೊರಗೆ ಬೆಂಚಿನಲ್ಲಿ ಎಂಟು ಹತ್ತು ಜನ. ಪಂಡಿತರು ಸಂತೆಯ ದಿನ ಮೂಡಬಿದಿರೆಯಲ್ಲೂ ಕೂರುತ್ತಾರೆಂದು ನನಗೆ ಗೊತ್ತಿತ್ತು. ನಾನು ಅಲ್ಲಿಗೆ ಬಂದಾಗಿನಿಂದ ಪ್ರತಿಯೊಬ್ಬರನ್ನೂ ಯಾವ ಪುಡಿ ತಿನ್ನುತ್ತೀರಿ ಎಂದು ಕೇಳುತ್ತಿದ್ದೆ. ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಬಿಳಿ ಅಂಗಿ ಹಾಕಿದ ಲ್ಯಾಬಿನವನಿಗೆ ಯಾಕೆ ಹೇಳುತ್ತಾರೆ?

ನಾನು ಕಾಗದ ಬಿಡಿಸಿ ಓದಿದೆ. ಮೊದಲು ಹತ್ತು. ಒಂದು ಗಂಟೆಗೆ ಇಪ್ಪತ್ತೆರಡು.

"ಎದ್ದಿತಾ?"

"ಎದ್ದಿತು ಗುಲಾಬಿಯಕ್ಕ. ಹಲ್ಲುಜ್ಜಿ ಚಹಾ ಕೇಳ್ತಾ ಉಂಟು."

ಅವರು ನಗಲಿಲ್ಲ. ಕಾಗದವನ್ನು ಮಡಚಿ ಸೊಂಟದ ಸಂಚಿಯಲ್ಲಿ, ಮೊದಲು ಆ ಪೊಟ್ಟಣ ಇಡುತ್ತಿದ್ದಲ್ಲೇ ಇಟ್ಟರು. ಹೊರಟವರು ಬಾಗಿಲಲ್ಲಿ ನಿಂತು ಬೆಂಚಿನ ಕಡೆ ತಿರುಗಿದರು. ಸ್ವರ ಏರಿಸಲಿಲ್ಲ.

"ನಾನು ಕಕ್ಕಿಂಜೆಯ ಗುಲಾಬಿ. ಎರಡು ವರ್ಷ ಪಂಡಿತರ ಪುಡಿ ತಿಂದಿದ್ದೇನೆ, ಕ್ಯಾಲೆಂಡರ್ ಕಾಗದದ್ದು. ಹೆಸರು ಹೇಳ್ಬಾರದು ಅಂತ ಅವರು ಹೇಳಿದ್ರು, ನಾನು ಹೇಳ್ಲಿಲ್ಲ. ಹೇಳದೆ ಸಾಯ್ಲಿಕ್ಕೆ ಹೋಗಿದ್ದೆ. ನಿಮ್ಮಲ್ಲಿ ಯಾರಾದ್ರೂ ತಿನ್ನುದಾದ್ರೆ ಒಮ್ಮೆಲೆ ಬಿಡ್ಬೇಡಿ, ಈ ಅಣ್ಣನ ಹತ್ರ ಹೇಳಿ, ಅವರು ಮೇಡಮ್ಮಿನ ಹತ್ರ ಕಳಿಸ್ತಾರೆ. ಇವರು ತಮಾಷೆ ಜಾಸ್ತಿ ಮಾಡ್ತಾರೆ. ಆದ್ರೆ ಕೇಳಿಸಿಕೊಳ್ತಾರೆ."

ಹೇಳಿ ಬಸ್ಸಿಗೆ ಹೋದರು.

ಆಮೇಲೆ ನಮ್ಮ ಲ್ಯಾಬಿಗೂ ಕಾರ್ಟಿಸಾಲ್ ಅಳೆಯುವ ಮೆಶಿನ್ ಬಂತು, ಫ್ಲಾಸ್ಕು ಮ್ಯೂಸಿಯಂ ಸೇರಲಾರದೆ ಗುಜರಿಗೆ ಹೋಯಿತು. ಈಗ ಟ್ಯೂಬಿಗೆ ಗೆರೆಗೆರೆಯ ಚೀಟಿ ಅಂಟಿಸಿ ಒಳಗೆ ಬಿಟ್ಟರೆ ಮೆಶಿನ್ ಎಲ್ಲ ಓದುತ್ತದೆ. ನೀವು ಜಾಣರು, ನನಗಿಂತ ಬೇಗ ಕಲಿಯುತ್ತೀರಿ. ಆದರೆ ಆ ಚೀಟಿಯಲ್ಲಿ ಬಂಗುಡೆ ಇರುವುದಿಲ್ಲ. ಅದನ್ನು ನೀವೇ ಕೇಳಬೇಕು, ಕೇಳಿ ನಗದೆ ನಿಲ್ಲಬೇಕು.

ಅಂದು ಗುಲಾಬಿಯಕ್ಕ ಹೋದ ಮೇಲೆ ಬೆಂಚಿನ ತುದಿಯಲ್ಲಿದ್ದ ಒಬ್ಬ ಮುದುಕ ಎದ್ದು ಬಂದು ಲುಂಗಿಯ ಮಡಿಕೆಯಿಂದ ಏನನ್ನೋ ತೆಗೆದು ನನ್ನ ಮೇಜಿನ ಮೇಲೆ ಇಟ್ಟ. ಕೆಂಪು ಅಂಕೆ ಏಳು. ಅವನ ಹಿಂದೆ ಒಬ್ಬಳು ಹೆಂಗಸು, ಹತ್ತೊಂಬತ್ತು. ಅವಳ ಹಿಂದೆ ಇನ್ನೊಬ್ಬಳು, ಇಪ್ಪತ್ತಮೂರು. ನನ್ನ ಬಾಯಿಗೆ ಎಂಥಾ ಎಂಥಾ ತಮಾಷೆಗಳು ಬಂದವು, ನಿಮಗೆ ಗೊತ್ತಿಲ್ಲ. ಎಲ್ಲವನ್ನೂ ನುಂಗಿ, ಕುರ್ಚಿಯನ್ನು ಮುದುಕನ ಕಡೆ ತಳ್ಳಿ, ಪೆನ್ನು ಬಿಚ್ಚಿದೆ.

"ಕೂತ್ಕೊಳ್ಳಿ ಅಜ್ಜ. ಬಂಗುಡೆ ಬಿಟ್ಟು ಎಷ್ಟು ವರ್ಷ ಆಯ್ತು?"

"ನಾಲ್ಕು ಮಳೆಗಾಲ," ಎಂದ ಅವನು. ನಾನು ಬರೆದುಕೊಂಡೆ.